ಬಾವಿ ನೀರಿನ ಬಣ್ಣ ಎಲ್ಲಿಂದ ಬಂತು? ಫ್ಲೋರೆಸೆನ್ಸ್ ಹಿಡಿದು ಹುಡುಕುವುದು ಹೇಗೆ

ಜೂನ್‌ನಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ನಮ್ಮ ಕಡೆ ಎಷ್ಟೋ ಬಾವಿಗಳ ನೀರು ಹಾಲಿಲ್ಲದ ತೆಳು ಚಾದ ಬಣ್ಣಕ್ಕೆ ತಿರುಗುತ್ತದೆ. ಉಡುಪಿ ಬಳಿಯ ಕಲ್ಯಾಣಪುರದ ಹತ್ತಿರ ಒಂದು ಮನೆಗೆ ಹೋಗಿದ್ದಾಗ ಆ ಮನೆಯ ಅಮ್ಮ ಕೊಡಪಾನವನ್ನು ಬೆಳಕಿಗೆ ವಾಲಿಸಿ ತೋರಿಸಿದರು. "ಇದು ಎಲೆ ಕೊಳೆತದ್ದಾ, ಬಚ್ಚಲ ನೀರು ಸೇರಿದ್ದಾ? ಅದೊಂದು ಹೇಳಿ ಮಾರಾಯ್ರೇ" ಅಂದರು.

ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಮನೆಮನೆಯಲ್ಲಿ ಇರುವ ಟಿಡಿಎಸ್ ಮೀಟರ್‌ಗೂ ಗೊತ್ತಾಗುವುದಿಲ್ಲ, ಅದು ನೋಡುವುದು ನೀರಿನಲ್ಲಿ ಕರಗಿದ ಲವಣವನ್ನು ಮಾತ್ರ. ಕೊಳೆತ ಎಲೆಯ ರಸ, ಸಗಣಿ ನೀರು, ಬಚ್ಚಲ ನೀರು ಇವುಗಳಿಂದ ಬರುವ ಸಾವಯವ ವಸ್ತುವಿನ ಜಾಡು ಹಿಡಿಯಲು ಫ್ಲೋರೆಸೆನ್ಸ್ ಸ್ಪೆಕ್ಟ್ರೋಸ್ಕೋಪಿ ಒಳ್ಳೆಯ ದಾರಿ. ಮಂಗಳೂರು, ಉಡುಪಿ ಕಡೆ ಪ್ರಾಜೆಕ್ಟ್ ಮಾಡುವ ಎಂಎಸ್ಸಿ ವಿದ್ಯಾರ್ಥಿಗಳು, ಕಾಲೇಜು ಮೇಷ್ಟ್ರುಗಳು, ನೀರಿನ ಬಗ್ಗೆ ಆಸಕ್ತಿ ಇರುವ ಯಾರೇ ಆದರೂ ಮಾಡಬಹುದಾದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಯಾವಾಗಲೂ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಆ ಅಂಕಿ ನಿಮ್ಮ ಬಾವಿಯದ್ದಾ, ನಿಮ್ಮ ಬಾಟಲಿಯದ್ದಾ ಅನ್ನುವುದು ಯಂತ್ರದ ಮುಂದೆ ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಬರಹದಲ್ಲಿ ಬಾಟಲಿ, ಹಗ್ಗ, ಫಿಲ್ಟರ್‌ಗಳ ಮಾತೇ ಜಾಸ್ತಿ.

ಇದು ಹೇಗೆ ಕೆಲಸ ಮಾಡುತ್ತದೆ

ಕತ್ತಲ ಕೋಣೆಯಲ್ಲಿ ಒಂದು ಬಾಟಲಿ ಟಾನಿಕ್ ವಾಟರ್‌ಗೆ ಯುವಿ ಟಾರ್ಚ್ ಹಿಡಿದು ನೋಡಿ. ನೀಲಿಯಾಗಿ ಹೊಳೆಯುತ್ತದೆ. ಅದರಲ್ಲಿರುವ ಕ್ವಿನೈನ್ ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಸ್ವಲ್ಪ ಉದ್ದದ ತರಂಗದ ಬೆಳಕನ್ನು ಹೊರಗೆ ಬಿಡುತ್ತದೆ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿ ಫ್ಲೋರೆಸೆನ್ಸ್ ಅನ್ನುವ ಹೆಸರು ಕೊಟ್ಟರು. ನಮ್ಮ ಪಠ್ಯಪುಸ್ತಕದಲ್ಲಿ ಪ್ರತಿದೀಪ್ತಿ ಅಂತಾರೆ.

ಬಾವಿ ನೀರಲ್ಲೂ ಇದೇ ಆಗುತ್ತದೆ, ಬರೀ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ ಅಷ್ಟೇ. ಮಣ್ಣು ಮತ್ತು ಕೊಳೆತ ಎಲೆಯಿಂದ ಬರುವ ಹ್ಯೂಮಿಕ್ ವಸ್ತು ಸುಮಾರು 420ರಿಂದ 460 ನ್ಯಾನೊಮೀಟರ್ ಹತ್ತಿರ ಹೊಳೆಯುತ್ತದೆ. ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್‌ನಂಥದ್ದು 340ರ ಆಸುಪಾಸಿನಲ್ಲಿ. ಚರಂಡಿ ನೀರು, ಸಗಣಿ ನೀರು, ಬ್ಯಾಕ್ಟೀರಿಯಾ ತುಂಬಿದ ನೀರು ಇವುಗಳಲ್ಲಿ ಈ ಎರಡನೆಯದು ಎದ್ದು ಕಾಣುತ್ತದೆ. ಬೇರೆ ಬೇರೆ ತರಂಗದ ಬೆಳಕು ಒಂದೊಂದಾಗಿ ಹಾಯಿಸಿ, ಪ್ರತಿ ಸಲವೂ ಹೊರಗೆ ಬಂದದ್ದನ್ನೆಲ್ಲ ಅಳೆದು ಜೋಡಿಸಿದರೆ ಗುಡ್ಡ ಕಣಿವೆಗಳ ಒಂದು ನಕ್ಷೆ ಸಿಗುತ್ತದೆ. ಇದನ್ನೇ ಇಇಎಂ (ಎಕ್ಸೈಟೇಶನ್ ಎಮಿಶನ್ ಮ್ಯಾಟ್ರಿಕ್ಸ್) ಅನ್ನುವುದು. ಹಾಯಿಸುವ ಬೆಳಕು ಎಕ್ಸೈಟೇಶನ್, ಹೊರಗೆ ಬರುವುದು ಎಮಿಶನ್. ಯಾವ ಗುಡ್ಡ ಎಲ್ಲಿದೆ, ಎಷ್ಟು ಎತ್ತರ ಇದೆ ಅಂತ ನೋಡುವುದೇ ನಮ್ಮ ಕೆಲಸ.

ಹೊಳೆಯದ ಸಾವಯವ ವಸ್ತುವೂ ಬೇಕಾದಷ್ಟಿದೆ, ಸಕ್ಕರೆ ಹೊಳೆಯುವುದಿಲ್ಲ ನೋಡಿ. ಹಾಗಾಗಿ ಒಟ್ಟು ಎಷ್ಟಿದೆ ಅಂತ ತಿಳಿಯಬೇಕಾದರೆ ಟಿಒಸಿ (ಒಟ್ಟು ಸಾವಯವ ಇಂಗಾಲ ಅಳೆಯುವ) ಯಂತ್ರದಲ್ಲಿ ಬೇರೆಯಾಗಿ ಅಳೆಸಬೇಕು.

ಮೊದಲು ಮೂಲಗಳನ್ನು ಕೂಡಿಸಿ

ಬಹಳ ಜನ ನೇರವಾಗಿ ಬಾವಿ ನೀರು ತಂದು ಯಂತ್ರಕ್ಕೆ ಹಾಕುತ್ತಾರೆ, ಆಮೇಲೆ ನಕ್ಷೆ ನೋಡಿ ಇದೇನು ಅಂತ ತಲೆ ಕೆರೆದುಕೊಳ್ಳುತ್ತಾರೆ. ಅದರ ಬದಲು, ನಿಮ್ಮ ಊರಿನಲ್ಲಿ ಬಾವಿಗೆ ಏನೇನು ಸೇರಬಹುದೋ ಅದನ್ನೆಲ್ಲ ಮೊದಲು ಅಳೆದು ಇಟ್ಟುಕೊಳ್ಳಿ. ಬಾವಿ ಪಕ್ಕದ ಹಲಸು, ಮಾವು, ಗೇರು ಮರದ ತರಗೆಲೆ ಒಂದು ಹಿಡಿ ತೆಗೆದು ಶುದ್ಧ ನೀರಲ್ಲಿ ಒಂದು ದಿನ ನೆನೆಸಿ. ಅಡಿಕೆ ತೋಟ ಇದ್ದರೆ ಹಾಳೆ ಮತ್ತು ಸಿಪ್ಪೆಯನ್ನು ಬೇರೆ ನೆನೆಸಿ. ಹಟ್ಟಿ ಇದ್ದರೆ ಸಗಣಿ ನೀರು ಸ್ವಲ್ಪ. ಬಚ್ಚಲಿನಿಂದ ತೋಡಿಗೆ ಹೋಗುವ ನೀರು ಒಂದು ಬಾಟಲಿ. ಹೊಳೆಯ ಅಧ್ಯಯನ ಆದರೆ ಕಡಲ ನೀರು ಕೂಡ ಒಂದು ಬಾಟಲಿ ಬೇಕು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಆಗಷ್ಟೇ ಬಿದ್ದ ಎಲೆಯ ರಸದಲ್ಲಿರುವ ಟ್ಯಾನಿನ್‌ನಂಥ ವಸ್ತುಗಳು ಪ್ರೋಟೀನ್ ಹೊಳೆಯುವ ಜಾಗದಲ್ಲೇ ಹೊಳೆಯುತ್ತವೆ. ಅದು ಗೊತ್ತಿಲ್ಲದಿದ್ದರೆ ಮಾವಿನ ಎಲೆಯನ್ನು ಚರಂಡಿ ಅಂದುಕೊಂಡು ಪಕ್ಕದ ಮನೆಯವರ ಜೊತೆ ಜಗಳಕ್ಕೆ ನಿಲ್ಲಬೇಕಾಗುತ್ತದೆ. ನಿಮ್ಮದೇ ಎಲೆಯ ನಕ್ಷೆ ಕೈಯಲ್ಲಿದ್ದರೆ ಹಾಗೆ ಆಗುವುದಿಲ್ಲ.

ಬಾಟಲಿ ಮತ್ತು ಹಗ್ಗ

ಕಂದು ಬಣ್ಣದ ಗಾಜಿನ ಬಾಟಲಿಯೇ ಆಗಬೇಕು. ಬೆಳಕು ಬಿದ್ದರೆ ಹ್ಯೂಮಿಕ್ ವಸ್ತು ಒಡೆಯುತ್ತದೆ, ಪ್ಲಾಸ್ಟಿಕ್‌ನಿಂದ ಸಾವಯವ ವಸ್ತು ಬಿಟ್ಟುಕೊಳ್ಳಬಹುದು. ಬಾಟಲಿಗಳನ್ನು ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅಲ್ಟ್ರಾಪ್ಯೂರ್ ನೀರಲ್ಲಿ (ಲ್ಯಾಬಿನ ಅತಿ ಶುದ್ಧ ನೀರು, ಈ ಬರಹದಲ್ಲಿ ಶುದ್ಧ ನೀರು ಅಂದರೆ ಇದೇ) ಚೆನ್ನಾಗಿ ತೊಳೆದು, ಮಫಲ್ ಫರ್ನೇಸ್ (ಲ್ಯಾಬಿನ ಕುಲುಮೆ) ಸಿಕ್ಕಿದರೆ 450 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಕಾಯಿಸಿ. ಮುಚ್ಚಳವನ್ನು ಮಾತ್ರ ಕಾಯಿಸಬೇಡಿ, ಕರಗಿ ಹೋಗುತ್ತದೆ. ಸೋಪು ಬೇಡವೇ ಬೇಡ.

ಇನ್ನು ಹಗ್ಗ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ನಮ್ಮ ಕಡೆಗೆ ಬೇಕಾದ ಮಾತು. ಹಳೆಯ ಮನೆಗಳಲ್ಲಿ ಈಗಲೂ ರಾಟೆಗೆ ತೆಂಗಿನ ನಾರಿನ ಹಗ್ಗ ಇರುತ್ತದೆ. ಹೊಸ ನಾರಿನ ಹಗ್ಗವನ್ನು ಒಂದು ಬಕೆಟ್ ನೀರಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ, ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಬರುವುದೂ ಗಿಡದ ನಾರಿನೊಳಗಿನ ವಸ್ತುವಿನಿಂದಲೇ, ಅಂದರೆ ನಾವು ಹುಡುಕುತ್ತಿರುವಂಥದ್ದರಿಂದಲೇ! ಹಾಗಾಗಿ ನೈಲಾನ್ ಹಗ್ಗ, ಸ್ಟೀಲ್ ಪಾತ್ರೆ ನೀವೇ ತೆಗೆದುಕೊಂಡು ಹೋಗಿ. ಪಾತ್ರೆಯನ್ನು ಮೆಲ್ಲಗೆ ಇಳಿಸಿ, ತಳದ ಕೆಸರು ಏಳಬಾರದು. ಮೊದಲು ಬಂದ ನೀರಲ್ಲಿ ಬಾಟಲಿಯನ್ನು ಮೂರು ಸಲ ಅಲುಗಿಸಿ ಚೆಲ್ಲಿ, ಆಮೇಲೆ ಗಾಳಿ ಉಳಿಯದ ಹಾಗೆ ಬಾಯಿತನಕ ತುಂಬಿ. ಪಂಪಿನಿಂದ ಹಿಡಿಯುವುದಾದರೆ ಐದು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ.

ಹೊಳೆ ಆದರೆ ಭರತ ಇಳಿತದ ಲೆಕ್ಕ ಬೇಕು. ಸ್ವರ್ಣಾ ನದಿಯಲ್ಲಿ ಬಜೆ ಅಣೆಕಟ್ಟಿನ ಮೇಲಿನ ನೀರೇ ಬೇರೆ, ಕೋಡಿ ಬೆಂಗ್ರೆಯ ಅಳಿವೆ ಹತ್ತಿರದ ನೀರೇ ಬೇರೆ. ನೇತ್ರಾವತಿಯಲ್ಲೂ ಹಾಗೆ, ತುಂಬೆ ಕಿಂಡಿ ಅಣೆಕಟ್ಟಿನಿಂದ ಮೇಲೆ ಸಿಹಿ ನೀರು, ಉಳ್ಳಾಲದ ಕಡೆ ಬಂದ ಹಾಗೆ ಉಪ್ಪು. ಬೆಳಿಗ್ಗೆ ಭರತದಲ್ಲಿ ಹಿಡಿದ ಬಾಟಲಿಯನ್ನು ಸಂಜೆ ಇಳಿತದಲ್ಲಿ ಹಿಡಿದ ಬಾಟಲಿ ಜೊತೆ ಹೋಲಿಸಿದರೆ ಕಡಲಿನ ಏರಿಳಿತವನ್ನು ಅಳೆದ ಹಾಗಾಗುತ್ತದೆ, ಹೊಳೆಯನ್ನಲ್ಲ. ಸ್ಥಳದಲ್ಲೇ ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ ಅಳೆದು ಬರೆದುಕೊಳ್ಳಿ. ಗಂಟೆ, ಹಿಂದಿನ ದಿನ ಮಳೆ ಬಂದಿತ್ತಾ, ಹತ್ತಿರ ಗದ್ದೆಗೆ ಗೊಬ್ಬರ ಹಾಕಿದ್ದಾರಾ, ಎಲ್ಲವನ್ನೂ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ನಮ್ಮ ಮಳೆಗೆ ಪೆನ್ನಿನ ಶಾಯಿ ಉಳಿಯುವುದಿಲ್ಲ.

ಬಾಟಲಿ ಸಾಗಿಸಲು ಐಸ್ ಪೆಟ್ಟಿಗೆ ಬೇಕು ಅಲ್ವಾ, ಆಗ ಮಲ್ಪೆಯಲ್ಲೋ ಬಂದರಿನಲ್ಲೋ ಸಿಗುವ ಮೀನಿನ ಥರ್ಮಾಕೋಲ್ ಪೆಟ್ಟಿಗೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದು ಬೇಡ. ಎಷ್ಟು ತೊಳೆದರೂ ಅದರಲ್ಲಿ ಮೀನಿನ ಪ್ರೋಟೀನ್ ಇರುತ್ತದೆ, ಕರಗಿದ ಐಸ್ ನೀರು ಒಂದು ಹನಿ ಬಾಟಲಿಯ ಬಾಯಿಗೆ ತಾಗಿದರೂ ಸಾಕು ಕೆಡಲು. ಹೊಸ ಪೆಟ್ಟಿಗೆ ತನ್ನಿ.

ಸೋಸುವುದು

ಅದೇ ದಿನ ಸೋಸಿ. 450 ಡಿಗ್ರಿಯಲ್ಲಿ ಕಾಯಿಸಿದ 0.7 ಮೈಕ್ರೊಮೀಟರ್‌ನ ಗ್ಲಾಸ್ ಫೈಬರ್ ಫಿಲ್ಟರ್ ಒಳ್ಳೆಯದು. 0.45 ಅಥವಾ 0.2ರ ಮೆಂಬ್ರೇನ್ ಕೂಡ ಆಗುತ್ತದೆ, ಆದರೆ ಒಂದು ಅಧ್ಯಯನಕ್ಕೆ ಒಂದೇ ಬಗೆ.

ಶುರುವಿನಲ್ಲಿ ನಾನು ಸಿರಿಂಜಿಗೆ ಸಿಕ್ಕಿಸುವ ಫಿಲ್ಟರ್ ಬಳಸುತ್ತಿದ್ದೆ. ಪೊಟ್ಟಣ ಒಡೆದು ನೇರ ಬಳಸಿದ್ದೆ. ಒಂದು ವಾರದ ಹನ್ನೊಂದು ಬಾವಿಗಳಲ್ಲೂ ಪ್ರೋಟೀನ್ ಜಾಗದಲ್ಲಿ ಚೆಂದದ ಗುಡ್ಡ ಬಂತು. ಹನ್ನೊಂದರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ! ಅದೇ ಅನುಮಾನ ಹುಟ್ಟಿಸಿದ್ದು. ಶುದ್ಧ ನೀರನ್ನೇ ಅದೇ ಫಿಲ್ಟರ್‌ನಲ್ಲಿ ಸೋಸಿ ಅಳೆದೆ. ಅದೇ ಗುಡ್ಡ, ಅದೇ ಎತ್ತರ. ಫಿಲ್ಟರ್‌ನಿಂದಲೇ ಬಿಟ್ಟುಕೊಂಡಿತ್ತು. ಆ ವಾರದ ಮಾದರಿಗಳನ್ನೆಲ್ಲ ಬಿಟ್ಟು, ಆ ಹನ್ನೊಂದು ಮನೆಗೂ ಮತ್ತೊಮ್ಮೆ ಹೋಗಿ ನೀರು ತಂದೆ. ಅಲ್ಲಿಂದ ಈಚೆಗೆ ಪ್ರತಿ ಫಿಲ್ಟರ್‌ನಲ್ಲೂ ಮೊದಲು 50 ಮಿಲಿಲೀಟರ್ ಶುದ್ಧ ನೀರು ಹಾಯಿಸಿ ಚೆಲ್ಲುತ್ತೇನೆ, ಆಮೇಲೆ ಮಾದರಿಯ ಮೊದಲ ಸ್ವಲ್ಪವನ್ನೂ ಚೆಲ್ಲುತ್ತೇನೆ. ಪ್ರತಿ ದಿನ ಒಂದು ಬಾಟಲಿ ಶುದ್ಧ ನೀರು ಬಾವಿಕಟ್ಟೆಯ ತನಕ ನನ್ನ ಜೊತೆ ಬರುತ್ತದೆ. ಅಲ್ಲೇ ಮುಚ್ಚಳ ತೆಗೆದು, ಮಾದರಿಗೆ ಏನೇನು ಮಾಡುತ್ತೇನೋ ಅದನ್ನೆಲ್ಲ ಅದಕ್ಕೂ ಮಾಡಿ ಅಳೆಯುತ್ತೇನೆ. ಅದರಲ್ಲಿ ಏನೂ ಕಾಣದಿದ್ದರೆ ಮಾತ್ರ ಆ ದಿನದ ಅಂಕಿಗಳನ್ನು ನಂಬುವುದು.

ಸೋಸಿದ ನೀರನ್ನು ಕತ್ತಲಲ್ಲಿ 4 ಡಿಗ್ರಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಅಳೆಯಿರಿ. ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ, ಕರಗಿಸಿದಾಗ ನಕ್ಷೆ ಬದಲಾಗಿರುತ್ತದೆ. ಟಿಒಸಿಗೆ ಆಮ್ಲ ಹಾಕಿ ಇಡುತ್ತಾರಲ್ಲ, ಆ ಬಾಟಲಿ ಬೇರೆ ಇರಲಿ. ಪಿಎಚ್ ಬದಲಾದರೆ ಹೊಳಪೂ ಬದಲಾಗುತ್ತದೆ.

ಕಬ್ಬಿಣ ಇದೆಯಾ ನೋಡಿ

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ, ಕಬ್ಬಿಣ ಜಾಸ್ತಿ. ಎಷ್ಟೋ ಬಾವಿಗಳಲ್ಲಿ ಬಣ್ಣಕ್ಕೆ ಎಲೆಯೂ ಕಾರಣ ಅಲ್ಲ, ಚರಂಡಿಯೂ ಅಲ್ಲ, ಕಬ್ಬಿಣ. ಒಂದು ಗ್ಲಾಸಿನಲ್ಲಿ ನೀರು ಹಿಡಿದು ಒಂದು ದಿನ ಸುಮ್ನೆ ಬಿಟ್ಟುಬಿಡಿ. ತಳದಲ್ಲಿ ಕೇಸರಿ ಬಣ್ಣದ ಮಡ್ಡಿ ಕೂತರೆ ಕಬ್ಬಿಣದ ಸಂಶಯ ಗಟ್ಟಿ. ಕರಗಿದ ಕಬ್ಬಿಣ ಯುವಿ ಬೆಳಕನ್ನು ತಾನೇ ಹೀರುತ್ತದೆ, ಹ್ಯೂಮಿಕ್ ವಸ್ತುವಿನ ಹೊಳಪನ್ನೂ ತಗ್ಗಿಸುತ್ತದೆ. ಅಂಥ ಬಾವಿಯಲ್ಲಿ ಕಬ್ಬಿಣದ ಪ್ರಮಾಣ ಅಳೆಸದೆ ಹೊಳಪು ಕಡಿಮೆ ಇದೆ, ಆದ್ದರಿಂದ ನೀರು ಶುದ್ಧ ಅಂತ ಹೇಳಬೇಡಿ.

ಯಂತ್ರದ ಮುಂದೆ

ಮೊದಲು ಸಾಧಾರಣ ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 230ರಿಂದ 700 ನ್ಯಾನೊಮೀಟರ್ ತನಕ ಅಬ್ಸಾರ್ಬೆನ್ಸ್, ಅಂದರೆ ನೀರು ಎಷ್ಟು ಬೆಳಕು ಹೀರುತ್ತದೆ ಅನ್ನುವುದನ್ನು, ಅಳೆಯಿರಿ. ಇದನ್ನು ಬಿಟ್ಟು ಫ್ಲೋರೆಸೆನ್ಸ್‌ಗೆ ಹಾರುವವರು ಬಹಳ, ಆದರೆ ಮುಂದಿನ ಲೆಕ್ಕಕ್ಕೆ ಇದು ಬೇಕೇ ಬೇಕು. 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಮಾದರಿ ಹಾಕಿ ಯಂತ್ರದೊಳಗೆ ಇಡುವ ಸಣ್ಣ ಚೌಕ ಪಾತ್ರೆ) 254ರ ಓದು 0.3 ದಾಟಿದರೆ ಶುದ್ಧ ನೀರು ಸೇರಿಸಿ ತೆಳು ಮಾಡಿ, ಎಷ್ಟು ಪಟ್ಟು ಅಂತ ಬರೆದುಕೊಳ್ಳಿ. ಎಲೆ ನೆನೆಸಿದ ನೀರನ್ನಂತೂ ತೆಳು ಮಾಡಲೇಬೇಕಾಗುತ್ತದೆ.

ಫ್ಲೋರೆಸೆನ್ಸ್ ಯಂತ್ರ ಕೆಮಿಸ್ಟ್ರಿ ಅಥವಾ ಫಾರ್ಮಸಿ ವಿಭಾಗಗಳಲ್ಲಿ ಇರುವುದುಂಟು, ವಿಚಾರಿಸಿ ನೋಡಿ. ಹಿಟಾಚಿ, ಶಿಮಾಡ್ಜು, ಹೊರಿಬಾ, ಜಾಸ್ಕೊ ಯಾವುದಾದರೂ ಆಗುತ್ತದೆ. ಹೊರಿಬಾದ ಆಕ್ವಾಲಾಗ್ ಸಿಕ್ಕಿದರೆ ಅಬ್ಸಾರ್ಬೆನ್ಸ್ ಕೂಡ ಒಟ್ಟಿಗೇ ಸಿಗುತ್ತದೆ. ಝೆನಾನ್ ದೀಪ ಹಾಕಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಮಧ್ಯೆ ಕರೆಂಟ್ ಹೋಗಿ ಬಂದರೆ ದೀಪ ತಣ್ಣಗಾದ ಮೇಲೆ ಮತ್ತೆ ಹಾಕಿ, ಮತ್ತೆ ಅರ್ಧ ಗಂಟೆ ಕಾಯಿರಿ. ಬೇಜಾರು ಅನ್ನಿಸಿದರೂ ಬೇರೆ ದಾರಿ ಇಲ್ಲ.

ಬೇಕಾದ್ದು ನಾಲ್ಕೂ ಬದಿ ಪಾರದರ್ಶಕ ಇರುವ ಕ್ವಾರ್ಟ್ಜ್ ಕ್ಯುವೆಟ್. ಅಬ್ಸಾರ್ಬೆನ್ಸ್‌ಗೆ ಬಳಸುವ ಎರಡು ಬದಿಯದ್ದು ಇಲ್ಲಿ ಆಗುವುದಿಲ್ಲ. ಮೇಲಿನ ಮೂಲೆ ಹಿಡಿದು ಎತ್ತಿ, ಬೆರಳ ಗುರುತು ಕೂಡ ಹೊಳೆಯುತ್ತದೆ. ಫ್ರಿಜ್ಜಿನಿಂದ ತೆಗೆದ ನೀರನ್ನು ತಕ್ಷಣ ಹಾಕಿದರೆ ನಮ್ಮ ಕರಾವಳಿಯ ಹಸಿ ಗಾಳಿಗೆ ಕ್ಯುವೆಟ್ ಹೊರಗೆಲ್ಲ ಬೆವರುತ್ತದೆ. ಒರೆಸಿ ಒಳಗಿಟ್ಟರೆ ಅಳೆಯುವ ಹೊತ್ತಿಗೆ ಮತ್ತೆ ಮಂಜು ಕೂತಿರುತ್ತದೆ. ಇದಲ್ಲದೆ ಉಷ್ಣತೆ ಒಂದು ಡಿಗ್ರಿ ಏರಿದರೆ ಹೊಳಪು ಸುಮಾರು ಶೇಕಡಾ 1 ಇಳಿಯುತ್ತದೆ. ಬಾಟಲಿಗಳನ್ನು ಕತ್ತಲಲ್ಲಿ ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ಎಲ್ಲವನ್ನೂ ಒಂದೇ ಉಷ್ಣತೆಯಲ್ಲಿ, 25 ಡಿಗ್ರಿ ಅಂದುಕೊಳ್ಳಿ, ಅಳೆಯಿರಿ.

ದಿನದ ಮೊದಲ ಓದು ಬರೀ ಶುದ್ಧ ನೀರಿನದ್ದು. 350 ನ್ಯಾನೊಮೀಟರ್ ಬೆಳಕು ಹಾಯಿಸಿದರೆ 397ರ ಹತ್ತಿರ ಒಂದು ಸಣ್ಣ ಶಿಖರ ಬರಬೇಕು. ಇದು ನೀರಿನದ್ದೇ ರಾಮನ್ ಚದುರಿಕೆ, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದದ್ದು. 371ರಿಂದ 428ರ ತನಕ ಇದರ ಕೆಳಗಿನ ವಿಸ್ತೀರ್ಣ ಬರೆದಿಟ್ಟುಕೊಳ್ಳಿ. ದೀಪ ಹಳೆಯದಾದ ಹಾಗೆ ಇದು ಇಳಿಯುತ್ತಾ ಹೋಗುತ್ತದೆ. ಮಾದರಿಯ ಹೊಳಪನ್ನು ಈ ವಿಸ್ತೀರ್ಣದಿಂದ ಭಾಗಿಸಿದರೆ ರಾಮನ್ ಯೂನಿಟ್ ಸಿಗುತ್ತದೆ, ಆಗ ಮಂಗಳೂರಿನ ಯಂತ್ರದ ಅಂಕಿಯನ್ನು ಮಣಿಪಾಲದ ಯಂತ್ರದ ಅಂಕಿ ಜೊತೆ ಹೋಲಿಸಬಹುದು.

ಆಮೇಲೆ ಪೂರ್ತಿ ನಕ್ಷೆ. ಎಕ್ಸೈಟೇಶನ್ 240ರಿಂದ 450ರ ತನಕ 5ರ ಹೆಜ್ಜೆಯಲ್ಲಿ, ಎಮಿಶನ್ 300ರಿಂದ 600ರ ತನಕ 2ರ ಹೆಜ್ಜೆಯಲ್ಲಿ, ಸ್ಲಿಟ್ (ಬೆಳಕು ಹಾಯುವ ಸಂದಿ) ಎರಡೂ 5 ನ್ಯಾನೊಮೀಟರ್. ಹತ್ತು ಮಾದರಿಗೊಮ್ಮೆ ಶುದ್ಧ ನೀರು, ಮತ್ತೆ ಯಾವುದಾದರೂ ಒಂದು ಮಾದರಿಯನ್ನು ಎರಡು ಸಲ.

ಲೆಕ್ಕ

ಮೊದಲು ಶುದ್ಧ ನೀರಿನ ನಕ್ಷೆಯನ್ನು ಕಳೆಯಿರಿ. ಎರಡನೆಯದು ಒಳ ಫಿಲ್ಟರ್ ಪರಿಣಾಮ. ಹೆಸರು ದೊಡ್ಡದು, ವಿಷಯ ಸರಳ. ಬಣ್ಣದ ನೀರಲ್ಲಿ ಒಳಗೆ ಹೋಗುವ ಬೆಳಕು ನಡುವಿಗೆ ಮುಟ್ಟುವ ಮೊದಲೇ ಸ್ವಲ್ಪ ನುಂಗಿ ಹೋಗುತ್ತದೆ, ಹೊರಗೆ ಬರುವ ಬೆಳಕೂ ದಾರಿಯಲ್ಲಿ ಸ್ವಲ್ಪ ಕಳೆದುಹೋಗುತ್ತದೆ. ಅದನ್ನು ತುಂಬಿಕೊಡಲು, ಒಳಗೆ ಹೋಗುವ ಮತ್ತು ಹೊರಗೆ ಬರುವ ಎರಡು ತರಂಗಗಳ ಅಬ್ಸಾರ್ಬೆನ್ಸ್ ಕೂಡಿಸಿ ಅರ್ಧ ಮಾಡಿ, 10ನ್ನು ಅಷ್ಟು ಘಾತಕ್ಕೆ ಏರಿಸಿ, ಬಂದದ್ದರಿಂದ ಹೊಳಪನ್ನು ಗುಣಿಸಬೇಕು. ಉದಾಹರಣೆಗೆ 254ರಲ್ಲಿ 0.30, 450ರಲ್ಲಿ 0.02 ಇದೆ ಅನ್ನಿ. ಕೂಡಿಸಿದರೆ 0.32, ಅರ್ಧ 0.16, 10ರ ಘಾತ 0.16 ಅಂದರೆ ಸುಮಾರು 1.45. ಯಂತ್ರ 100 ಅಂತ ತೋರಿಸಿದ್ದು ನಿಜವಾಗಿ 145. ಮಳೆಗಾಲದ ನೀರನ್ನೂ ಬೇಸಿಗೆಯ ನೀರನ್ನೂ ಹೋಲಿಸುವಾಗ ಈ ಲೆಕ್ಕ ಬಿಟ್ಟರೆ, ಬಣ್ಣ ಜಾಸ್ತಿ ಇರುವ ನೀರೇ ಕಡಿಮೆ ಹೊಳೆದ ಹಾಗೆ ಕಾಣಬಹುದು.

ನಕ್ಷೆಯಲ್ಲಿ ಓರೆಯಾಗಿ ಹೋಗುವ ಚೂಪು ಗೆರೆಗಳು ನಾವು ಹಾಯಿಸಿದ ಬೆಳಕೇ ಚದುರಿ ಬಂದದ್ದು, ರೇಲೀ ಮತ್ತು ರಾಮನ್ ಚದುರಿಕೆ. ಅವು ಮಾಹಿತಿ ಅಲ್ಲ, ತೆಗೆದುಬಿಡಿ. ಇದನ್ನೆಲ್ಲ ಕೈಯಿಂದ ಮಾಡಬೇಕಿಲ್ಲ. ಆರ್ ಭಾಷೆಯ ಸ್ಟಾರ್‌ಡಮ್ ಪ್ಯಾಕೇಜ್ ಉಚಿತ, ಮ್ಯಾಟ್‌ಲ್ಯಾಬ್ ಇದ್ದರೆ ಡಿಆರ್‌ಇಇಎಂ ಇದೆ. ಪ್ಯಾರಾಫ್ಯಾಕ್ ಅನ್ನುವ ವಿಧಾನದಲ್ಲಿ ಒಂದರ ಮೇಲೊಂದು ಬಿದ್ದ ಗುಡ್ಡಗಳನ್ನು ಬಿಡಿಸಬಹುದು, ಆದರೆ ಆರೇಳು ಬಾಟಲಿ ಇಟ್ಟುಕೊಂಡು ಅದಕ್ಕೆ ಕೈ ಹಾಕಬೇಡಿ, ಹತ್ತಾರು ಮಾದರಿ ಬೇಕು. ಕಡಿಮೆ ಇದ್ದಾಗ ಗುಡ್ಡಗಳನ್ನು ನೇರವಾಗಿ ಓದುವುದೇ ಪ್ರಾಮಾಣಿಕ.

ಓದುವುದು

1996ರಲ್ಲಿ ಕಡಲ ವಿಜ್ಞಾನಿ ಪೌಲಾ ಕೋಬಲ್ ಈ ಗುಡ್ಡಗಳಿಗೆ ಇಟ್ಟ ಅಕ್ಷರಗಳನ್ನೇ ಎಲ್ಲರೂ ಬಳಸುತ್ತಾರೆ. ಎ ಮತ್ತು ಸಿ ಹ್ಯೂಮಿಕ್ ಗುಡ್ಡಗಳು. ಎ ಬರುವುದು 260ರ ಬೆಳಕಿಗೆ, ಸಿ ಬರುವುದು 320ರಿಂದ 360ರ ಬೆಳಕಿಗೆ. ಎಮ್ ಅನ್ನುವುದನ್ನು ಮೊದಲು ಕಡಲ ನೀರಲ್ಲಿ ಗುರುತಿಸಿದರು. ಟಿ ಟ್ರಿಪ್ಟೊಫ್ಯಾನ್‌ನಂಥದ್ದು, 275ರ ಬೆಳಕಿಗೆ 340ರಲ್ಲಿ. ಬಿ ಟೈರೋಸಿನ್‌ನಂಥದ್ದು, 275ಕ್ಕೆ 305ರಲ್ಲಿ. ಬಾವಿಯ ಪ್ರಶ್ನೆಗೆ ನಾನು ಮೊದಲು ನೋಡುವುದು ಟಿ ಮತ್ತು ಸಿಯ ಅನುಪಾತ. ಸಿ ಎತ್ತರ, ಟಿ ಗಿಡ್ಡ ಇದ್ದರೆ ಎಲೆ ಮಣ್ಣಿನ ಕಡೆಗೆ ಬೆರಳು ತೋರಿಸುತ್ತದೆ. ಟಿ ಏರಿದ್ದರೆ ನಿಮ್ಮ ಮೂಲದ ನಕ್ಷೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಹಟ್ಟಿಯ ಹಾಗಿದೆಯಾ, ಬಚ್ಚಲ ಹಾಗಿದೆಯಾ, ಅಥವಾ ಹೊಸ ಎಲೆಯ ಹಾಗಾ?

ಫ್ಲೋರೆಸೆನ್ಸ್ ಸೂಚ್ಯಂಕ ಅಂತ ಒಂದಿದೆ. 370ರ ಬೆಳಕಿಗೆ 470ರ ಹೊಳಪನ್ನು 520ರ ಹೊಳಪಿನಿಂದ ಭಾಗಿಸುವುದು. 1.2ರ ಹತ್ತಿರ ಬಂದರೆ ನೆಲದ ಗಿಡಮರದ್ದು, 1.8ರ ಹತ್ತಿರ ಬಂದರೆ ಸೂಕ್ಷ್ಮಜೀವಿಗಳದ್ದು ಅನ್ನುವುದು ಸಾಮಾನ್ಯ ಓದು. ಒಂದೇ ಬಾವಿಯಲ್ಲಿ ತಿಂಗಳಿಂದ ತಿಂಗಳಿಗೆ ಇದು ಹೇಗೆ ಸರಿಯುತ್ತದೆ ಅನ್ನುವುದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು.

ಬಚ್ಚಲ ನೀರಿನ ಇನ್ನೊಂದು ಗುರುತು ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳುಪು ಕೊಡುವ ರಾಸಾಯನಿಕ. ಅದು ಸಿ ಗುಡ್ಡದ ಮೇಲೇ ಬಂದು ಕೂರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಬಿಡಿಸಲು ಒಂದು ಉಪಾಯ ಇದೆ. ಅದೇ ಮಾದರಿಯನ್ನು ಕೆಲವು ನಿಮಿಷ ಯುವಿ ದೀಪದ ಕೆಳಗಿಟ್ಟು ಮತ್ತೆ ಅಳೆಯಿರಿ. ಸೋಪಿನದ್ದು ಬೇಗ ಕುಸಿಯುತ್ತದೆ, ಎಲೆಯದ್ದು ನಿಧಾನ. ಯಂತ್ರವೇ ಇಲ್ಲದವರು ಬ್ಲೀಚ್ ಮಾಡದ ಹತ್ತಿಯ ಉಂಡೆಯನ್ನು ನೈಲಾನ್ ದಾರದಲ್ಲಿ ಕಟ್ಟಿ ಕೆಲವು ದಿನ ನೀರಲ್ಲಿ ಇಳಿಬಿಟ್ಟು, ತೊಳೆದು ಒಣಗಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡಬಹುದು. ನೀಲಿ ಹೊಳೆದರೆ ಸೋಪಿನ ನೀರು ಎಲ್ಲಿಂದಲೋ ಬರುತ್ತಿದೆ. ಅಂಗಡಿಯ ಬಿಳಿ ಬಟ್ಟೆ ಬೇಡ, ಅದು ತಾನಾಗಿಯೇ ಹೊಳೆಯಬಹುದು.

ಮನೆಯವರಿಗೆ ಹೇಳುವಾಗ

ಫ್ಲೋರೆಸೆನ್ಸ್ ನಕ್ಷೆ ಕುಡಿಯುವ ನೀರಿನ ಸರ್ಟಿಫಿಕೇಟ್ ಅಲ್ಲ. ಟಿ ಗುಡ್ಡ ಗಿಡ್ಡ ಇದೆ ಅಂದ ಮಾತ್ರಕ್ಕೆ ರೋಗಾಣು ಇಲ್ಲ ಅಂತ ಆಗುವುದಿಲ್ಲ. ಹಾಗಾಗಿ ನಾನು ಪ್ರತಿ ಬಾವಿಗೂ ಜೊತೆಯಲ್ಲೇ ಬ್ಯಾಕ್ಟೀರಿಯಾ ಪತ್ತೆಯ ಒಂದು ಎಚ್‌ಟುಎಸ್ ಬಾಟಲಿಯಲ್ಲಿ ನೀರು ತುಂಬಿಸಿ ಇಡುತ್ತೇನೆ. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸಂಪರ್ಕ ಇರುವ ಸಾಧ್ಯತೆ ಇದೆ, ಲ್ಯಾಬಿನಲ್ಲಿ ಇ. ಕೋಲಿ ಪರೀಕ್ಷೆ ಮಾಡಿಸಬೇಕು.

ಕಲ್ಯಾಣಪುರದ ಆ ಬಾವಿಯ ನಕ್ಷೆಯಲ್ಲಿ ಸಿ ಗುಡ್ಡ ಎತ್ತರಕ್ಕಿತ್ತು, ಬಾವಿಕಟ್ಟೆಯ ಹಲಸಿನೆಲೆ ನೆನೆಸಿದ ನೀರಿನ ಹಾಗೆಯೇ. ಹತ್ತಿಯ ಉಂಡೆ ಹೊಳೆಯಲಿಲ್ಲ. ಬಣ್ಣ ಎಲೆಯದ್ದೇ. ಆದರೆ ಎಚ್‌ಟುಎಸ್ ಬಾಟಲಿ ಮರುದಿನವೇ ಕಪ್ಪಾಗಿತ್ತು. ಎರಡೂ ಫಲಿತಾಂಶದ ಹಾಳೆಗಳನ್ನು ತೆಗೆದುಕೊಂಡು ಹೋಗಿ ಜಗಲಿಯಲ್ಲಿ ಕೂತು ಹೇಳಿದೆ: "ಅಮ್ಮ, ಬಣ್ಣ ಹಲಸಿನೆಲೆಯದ್ದು, ಬಾವಿಗೆ ಬಲೆ ಹಾಕಿಸಿ. ಆದರೆ ಬೇರೆ ಏನೋ ಸೇರುತ್ತಾ ಉಂಟು, ಅದಕ್ಕೆ ಬಣ್ಣ ಇಲ್ಲ. ಲ್ಯಾಬಿಗೆ ಕೊಟ್ಟಿದ್ದೇನೆ, ಅಲ್ಲಿವರೆಗೆ ಕುದಿಸಿಯೇ ಕುಡಿಯಿರಿ." ಅವರು ಬಲೆಗೆ ಎಷ್ಟಾಗುತ್ತದೆ ಅಂತ ಕೇಳಿದರು, ಆಮೇಲೆ ಎದ್ದು ಹೋಗಿ ಶೌಚಾಲಯದ ಗುಂಡಿ ಎಲ್ಲಿದೆ ಅಂತ ತೋರಿಸಿದರು. ಬಾವಿಯಿಂದ ಹೆಜ್ಜೆ ಹಾಕಿ ಅಳೆದೆ. ಹದಿನಾಲ್ಕು ಹೆಜ್ಜೆ.